ತೊಟ್ಟಿಲಿಗಿಂತ ಮೊದಲು ಹಗ್ಗ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಡಿಸ್ನಿಲ್ಯಾಂಡಿನ ಸ್ಕೈವೇ ಬಗ್ಗೆ ಬಂದ ಚಿಕ್ಕ ಬರಹವನ್ನು ನನ್ನ ಮೊಮ್ಮಗಳು ಜೋರಾಗಿ ಓದಿದಳು. ತಂತಿಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲಲ್ಲಿ ಕೂತು ಪಾರ್ಕಿನ ಮೇಲೆ ಸಾಗುವ ಸವಾರಿ ಅದು. ಓದಿ ಮುಗಿಸಿ, "ತಾತ, ಇದನ್ನು ಕಂಡುಹಿಡಿದದ್ದು ಡಿಸ್ನಿನೇನಾ?" ಎಂದು ಕೇಳಿದಳು. ಆ ಬರಹ ಓದಿದರೆ ಹಾಗೇ ಅನಿಸುತ್ತದೆ. ನನಗೆ ಸುಮ್ನೆ ಇರಲು ಆಗಲಿಲ್ಲ. ಕೆಜಿಎಫ್ ಗಣಿಯಲ್ಲಿ 2001ರಲ್ಲಿ ಬಾಗಿಲು ಹಾಕುವವರೆಗೂ 26 ವರ್ಷ, ಕಾರ್ಮಿಕರನ್ನು ಗಣಿಯೊಳಗೆ ಇಳಿಸಿ ಹತ್ತಿಸುವ ಕೇಜಿನ (ಪಂಜರದಂಥ ಲಿಫ್ಟಿನ) ಹಗ್ಗ ನೋಡಿಕೊಂಡವನು ನಾನು.

ವಾಲ್ಟ್ ಡಿಸ್ನಿ ಅದನ್ನು ಸ್ವಿಟ್ಜರ್‌ಲ್ಯಾಂಡಿನ ವಾನ್ ರೋಲ್ ಕಂಪನಿಯಿಂದ ಮಾಡಿಸಿ ತಂದರು. ಬೆಟ್ಟದೂರುಗಳಲ್ಲಿ ಜನರನ್ನು ಮೇಲಕ್ಕೆ ಹತ್ತಿಸಲು ಆ ಕಂಪನಿ ಇಂಥವನ್ನು ಆಗಲೇ ಕಟ್ಟುತ್ತಿತ್ತು. ಡಿಸ್ನಿಲ್ಯಾಂಡಿನಲ್ಲಿ 1956ರ ಜೂನ್ 23ರಂದು ಶುರುವಾಯಿತು. ಮೊದಲು ಅಲ್ಲಿ ದಾರಿ ಮಧ್ಯೆ ದಿಣ್ಣೆಯ ಮೇಲೆ ಒಂದು ಕಂಬ ಇತ್ತು. 1959ರಲ್ಲಿ ಅದೇ ಜಾಗದಲ್ಲಿ ಮ್ಯಾಟರ್‌ಹಾರ್ನ್ ಎಂಬ ಬೆಟ್ಟವನ್ನೇ ಕಟ್ಟಿ, ಅದರ ಹೊಟ್ಟೆಯೊಳಗಿಂದ ತೊಟ್ಟಿಲು ಹಾಯುವಂತೆ ಮಾಡಿದರು. 1994ರಲ್ಲಿ ನಿಲ್ಲಿಸಿದರು.

ಆದರೆ ಕಥೆ ಇನ್ನೂ ಹಿಂದಿನದು. 1644ರಲ್ಲೇ ಈಗಿನ ಪೋಲೆಂಡಿನ ಗ್ಡಾನ್‌ಸ್ಕ್ ಊರಿನಲ್ಲಿ ಆಡಮ್ ವೀಬೆ ಎಂಬ ಡಚ್ ಎಂಜಿನಿಯರ್ ಕೋಟೆ ಕೆಲಸಕ್ಕೆ ಗುಡ್ಡದ ಮಣ್ಣನ್ನು ಹಗ್ಗದ ಮೇಲೆ ಬುಟ್ಟಿಗಳಲ್ಲಿ ಸಾಗಿಸಿದ್ದ. ಅದು ನಾರಿನ ಹಗ್ಗ. ಉಕ್ಕಿನ ಹಗ್ಗಕ್ಕೆ ದಾರಿ ಮಾಡಿಕೊಟ್ಟದ್ದು ಗಣಿ. ಜರ್ಮನಿಯ ಕ್ಲೌಸ್ಟಾಲ್ ಗಣಿಗಳಲ್ಲಿ ಭಾರ ಎತ್ತುವ ಸರಪಳಿ ಮೇಲಿಂದ ಮೇಲೆ ತುಂಡಾಗುತ್ತಿತ್ತು. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು, ಅಲ್ವಾ? 1834ರಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ನಾಲ್ಕು ನಾಲ್ಕು ಕಬ್ಬಿಣದ ತಂತಿಗಳ ಮೂರು ಎಳೆ ಮಾಡಿ, ಮೂರನ್ನೂ ಸೇರಿಸಿ ಹುರಿ ಹಾಕಿಸಿದ. ಒಂದು ತಂತಿ ಮುರಿದರೂ ಉಳಿದವು ಭಾರ ಹೊರುತ್ತವೆ. ನೋಡುವವನಿಗೆ ಎಚ್ಚರಿಕೆ ಸಿಗುತ್ತದೆ, ಹಗ್ಗ ಬದಲಾಯಿಸಲು ಹೊತ್ತು ಸಿಗುತ್ತದೆ. ನಮ್ಮ ಪಾತಾಳದ ಕೇಜೂ ಡಿಸ್ನಿಯ ಆಕಾಶದ ತೊಟ್ಟಿಲೂ ನಂಬಿಕೊಂಡದ್ದು ಇದನ್ನೇ. ನಮ್ಮ ರಾಜ್ಯದಲ್ಲೂ ಹಗ್ಗದ ಮೇಲೆ ಮೊದಲು ಓಡಿದ್ದು ಆಟದ ತೊಟ್ಟಿಲಲ್ಲ. ಭದ್ರಾವತಿ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿನವರೆಗೆ ಇಳಿಯುತ್ತಿದ್ದದ್ದು ಹೀಗೇ.

ಎಚ್ಚರಿಕೆ ಅಂದೆನಲ್ಲ, ಅದು ತಾನಾಗಿ ಕೂಗಿ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಕೇಜನ್ನು ಖಾಲಿ ಓಡಿಸುತ್ತಿದ್ದೆವು, ತುಂಬಾ ನಿಧಾನವಾಗಿ. ಹಗ್ಗದ ಸುತ್ತ ಹತ್ತಿವೇಸ್ಟು ಸುತ್ತಿ ಹಿಡಿದು ನಿಲ್ಲುತ್ತಿದ್ದೆ. ಮುರಿದ ತಂತಿಯ ಮೊನೆ ಇದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಾದರೆ ಅಂಗೈ ಸೀಳಿಬಿಡುತ್ತದೆ. ಗ್ರೀಸಿನ ಅಡಿಯಲ್ಲಿ ಕಣ್ಣಿಗೆ ಏನೂ ಕಾಣದು. ಒಂದು ಸಲ ಒಂದು ಗೇಣಿನೊಳಗೆ ಮೂರು ಕಡೆ ಹತ್ತಿ ಸಿಕ್ಕಿತು. ಎಂಜಿನ್ ನಿಲ್ಲಿಸಲು ಕೈ ಎತ್ತಿದೆ. ಮೇಲೆ ಬೆಳಗಿನ ಪಾಳಿಯವರು ಊಟದ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ಅವತ್ತು ಅವರು ಎರಡು ಗಂಟೆ ಕಾದರು. ಒಬ್ಬರೂ ಗೊಣಗಲಿಲ್ಲ. ಆರು ತಿಂಗಳಿಗೊಮ್ಮೆ ಕೇಜಿನ ಕಡೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಕಟ್ಟುತ್ತಿದ್ದೆವು. ಏನು ನೋಡಿದರೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು.

ಇಷ್ಟೆಲ್ಲ ಹೇಳಲು ಕಾರಣ ನಂದಿಬೆಟ್ಟ. ಅಲ್ಲಿ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ನನಗೆ ಅದು ಬೇಕು. ಮಂಡಿ ನೋವಿನ ನಮ್ಮಂಥವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ವಾರದ ಕೊನೆಗೆ ಬೆಟ್ಟದ ರಸ್ತೆಯಲ್ಲಿ ನಿಲ್ಲುವ ಕಾರುಗಳ ಸಾಲೂ ಕಡಿಮೆ ಆದೀತು. ಆದರೆ ಜಾರ್ಖಂಡಿನ ತ್ರಿಕೂಟ ಬೆಟ್ಟದಲ್ಲಿ 2022ರ ಏಪ್ರಿಲ್ 10ರಂದು ನಡೆದ ರೋಪ್‌ವೇ ಅಪಘಾತವನ್ನು ಟಿವಿಯಲ್ಲಿ ನೋಡಿದ್ದೇನೆ. ಜನ ರಾತ್ರಿಯಿಡೀ ತೊಟ್ಟಿಲಲ್ಲೇ ತೂಗಾಡಿದರು. ವಾಯುಪಡೆಯ ಹೆಲಿಕಾಪ್ಟರ್ ಬಂದು ಇಳಿಸಬೇಕಾಯಿತು. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಅದಕ್ಕೆ ಸಂಬಂಧಪಟ್ಟವರಲ್ಲಿ ನನ್ನ ಕೇಳಿಕೆ ಇಷ್ಟು. ಟಿಕೆಟ್ ಕೊಡುವ ಕಿಟಕಿಯ ಪಕ್ಕ ಒಂದು ಬೋರ್ಡ್ ಹಾಕಿ. ಹಗ್ಗವನ್ನು ಯಾವತ್ತು ನೋಡಿದರು, ಯಾರು ನೋಡಿದರು, ಮತ್ತೆ ಯಾವಾಗ ನೋಡುತ್ತಾರೆ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಿರಿ. ಬಾಗಿಲಿನ ಚಿಲಕ, ಹಗ್ಗ ಕಚ್ಚುವ ಹಿಡಿಕೆ, ಎರಡರದೂ ಬರೆಯಿರಿ. ಆ ಕೆಲಸಕ್ಕೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಐಟಿಐ ಹುಡುಗರನ್ನು ತಯಾರು ಮಾಡಿ. ಹಗ್ಗದ ಕೆಲಸ ಗೊತ್ತಿರುವ ಕೆಲವರು ಕೆಜಿಎಫ್, ಬಂಗಾರಪೇಟೆ ಕಡೆ ಇನ್ನೂ ಇದ್ದೇವೆ. ಕರೆದರೆ ಬಸ್ಸು ಹತ್ತಿ ಬರುತ್ತೇವೆ, ಸಂಬಳ ಬೇಡ.

ಮೊಮ್ಮಗಳು ಮೊದಲ ದಿನವೇ ಹೋಗಬೇಕು ಎನ್ನುತ್ತಿದ್ದಾಳೆ. ಕರೆದುಕೊಂಡು ಹೋಗುತ್ತೇನೆ. ಬೋರ್ಡ್ ಓದಿದ ಮೇಲೆ ಹತ್ತುತ್ತೇವೆ.

— ನಿವೃತ್ತ ಗಣಿ ಕಾರ್ಮಿಕ, ಬಂಗಾರಪೇಟೆ, ಕೋಲಾರ ಜಿಲ್ಲೆ