ಡಿಸ್ಚಾರ್ಜ್ ಆದವರ ಲೆಕ್ಕವನ್ನೂ ಇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಆರೋಗ್ಯ ಸಚಿವರೂ ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರೂ ಆದ ಸನ್ಮಾನ್ಯ ಶ್ರೀ ದಿನೇಶ್ ಗುಂಡೂರಾವ್ ಅವರಿಗೆ,

ನಮಸ್ಕಾರಗಳು. ನಾನು ಬಂಟ್ವಾಳ ತಾಲೂಕಿನಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಹೃದಯಾಘಾತವಾಗಿ ಮಂಗಳೂರಿನಲ್ಲಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡ ಈ ಕಡೆಯವರು ಮಾತ್ರೆಗೆ ನನ್ನಲ್ಲಿಗೆ ಬರುತ್ತಾರೆ. ಮೊದಲ ತಿಂಗಳು ಚೀಟಿಯಲ್ಲಿದ್ದುದನ್ನೆಲ್ಲ ಕೊಳ್ಳುತ್ತಾರೆ. ಮೂರು ತಿಂಗಳಾಗುವಷ್ಟರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟು, ‘ಇದೊಂದು ಬೇಡ, ಈಗ ನೋವೇ ಇಲ್ಲವಲ್ಲ’ ಎನ್ನುತ್ತಾರೆ. ಹೆಚ್ಚಾಗಿ ಅದು ಟಿಕಾಗ್ರೆಲರ್. ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆ. ಆಸ್ಪಿರಿನ್ ಜೊತೆಗೆ ಸಾಮಾನ್ಯವಾಗಿ ಒಂದು ವರ್ಷ ನುಂಗಲೇಬೇಕು. ಕೊಲೆಸ್ಟರಾಲ್ ರಿಪೋರ್ಟ್ ಚೆನ್ನಾಗಿ ಬಂತೆಂದು ಅಟೊರ್ವಾಸ್ಟಾಟಿನ್ ಬಿಟ್ಟವರೂ ಇದ್ದಾರೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಆಮೇಲೆ ಬರುವುದೇ ಇಲ್ಲ. ಬೇರೆ ಅಂಗಡಿಗೆ ಹೋದರೋ, ಮಾತ್ರೆ ಬಿಟ್ಟರೋ, ತೀರಿಕೊಂಡರೋ, ಹೇಳುವವರು ಯಾರು?

ಮೊದಲ ಗಂಟೆಗಳ ವಿಷಯದಲ್ಲಿ ನಮ್ಮ ಕಡೆ ಒಳ್ಳೆಯ ಕೆಲಸವಾಗಿದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸಾಪ್‌ನಲ್ಲೇ ವರದಿ ನೋಡಿ ಸಲಹೆ ಕೊಡುವ ದಾರಿ ಹಾಕಿಕೊಟ್ಟರು. ಇದರಿಂದ ಉಳಿದ ಜೀವಗಳ ಬಗ್ಗೆ ನನಗೆ ಹೆಮ್ಮೆಯಿದೆ. ಹೀಗೆ ಉಳಿಸಿಕೊಂಡವರು ಒಂದು ವರ್ಷದ ಮೇಲೂ, ಐದು ವರ್ಷದ ಮೇಲೂ ಇದ್ದಾರೆಯೇ ಎಂದು ವಿಚಾರಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಲೆಕ್ಕ ಇಟ್ಟರೆ ಏನು ಸಿಗುತ್ತದೆ ಎನ್ನುವುದಕ್ಕೆ ಸ್ವೀಡನ್ ಮತ್ತು ಬ್ರಿಟನ್ ಸಾಕ್ಷಿ. ಎರಡೂ ದೇಶಗಳಲ್ಲಿ ಹೃದಯಾಘಾತದ ರಾಷ್ಟ್ರೀಯ ದಾಖಲಾತಿ ಇದೆ. 2004ರಿಂದ 2010ರವರೆಗಿನ ದಾಖಲೆಗಳನ್ನು ಎದುರುಬದುರು ಇಟ್ಟಾಗ, ಮೂವತ್ತು ದಿನಗಳೊಳಗೆ ಸತ್ತವರು ಸ್ವೀಡನ್‌ನಲ್ಲಿ ಶೇ 7.6, ಬ್ರಿಟನ್‌ನಲ್ಲಿ ಶೇ 10.5 ಎಂದು ಗೊತ್ತಾಯಿತು. ಸ್ವೀಡನ್ನಿನಲ್ಲಿ ಮುಚ್ಚಿದ ರಕ್ತನಾಳವನ್ನು ತೆರೆಯುವ ತುರ್ತು ಆಂಜಿಯೋಪ್ಲಾಸ್ಟಿ ಬೇಗ ಬಳಕೆಗೆ ಬಂದಿತ್ತು. ಮನೆಗೆ ಕಳುಹಿಸುವಾಗ ಹೃದಯದ ಶ್ರಮ ಕಡಿಮೆ ಮಾಡುವ ಬೀಟಾ ಬ್ಲಾಕರ್ ಮಾತ್ರೆ ಬರೆದುಕೊಡುವುದೂ ಅಲ್ಲಿ ಹೆಚ್ಚಿತ್ತು. ಅಷ್ಟು ದೂರ ಹೋಗುವುದೂ ಬೇಡ. ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ 2007ರಿಂದ 2009ರ ನಡುವೆ 125 ಆಸ್ಪತ್ರೆಗಳು ಸೇರಿ 25,748 ರೋಗಿಗಳ ವಿವರ ದಾಖಲಿಸಿದವು. ಅವರಿಗೆ ಆದದ್ದು ನಮಗೇಕೆ ಆಗದು?

ಬೇಕಾದ ಮಾಹಿತಿಯ ದೊಡ್ಡ ಪಾಲು ನಿಮ್ಮ ಸರ್ಕಾರದ ಕೈಯಲ್ಲೇ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಹಣ ಪಾವತಿಯಾದ ಆಂಜಿಯೋಪ್ಲಾಸ್ಟಿಗಳ ದಾಖಲೆ ಒಂದು ಕಡೆ, ಜನನ-ಮರಣ ದಾಖಲಿಸುವ ಇ-ಜನ್ಮ ತಂತ್ರಾಂಶದ ಮರಣ ನೋಂದಣಿ ಇನ್ನೊಂದು ಕಡೆ. ಹೆಸರು ಗುಟ್ಟಾಗಿಟ್ಟು ಎರಡನ್ನೂ ಜೋಡಿಸಿದರೆ ಎಷ್ಟೋ ಸಂಗತಿ ಹೊರಬೀಳುತ್ತದೆ. ಯೋಜನೆಯ ಹೊರಗೆ ಸ್ವಂತ ಹಣ ಕಟ್ಟಿದವರನ್ನು ಸೇರಿಸಲು ಖಾಸಗಿ ಆಸ್ಪತ್ರೆಗಳೂ ವರದಿ ಕೊಡಬೇಕಾಗುತ್ತದೆ. ಕಾಸರಗೋಡಿನಿಂದ ಬಂದು ಮರಳಿದವರಿಗೆ ಫೋನ್ ಮಾಡಿಯೇ ವಿಚಾರಿಸಬೇಕು.

ಸಾವಿನ ಸಂಖ್ಯೆಯೊಂದೇ ಸಾಲದು. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಯಿತೇ, ಮಾತ್ರೆಗಳು ಮುಂದುವರಿದಿವೆಯೇ, ಬೀಡಿ ಬಿಟ್ಟರೇ, ದೋಣಿಗೋ ತೋಟಕ್ಕೋ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆಯೇ ಎಂಬುದೂ ಬರಬೇಕು. ಇನ್ನೊಂದು ಎಚ್ಚರಿಕೆ. ತಡವಾಗಿ ಬಂದ, ಸಕ್ಕರೆ ಕಾಯಿಲೆಯೂ ಮೂತ್ರಪಿಂಡದ ತೊಂದರೆಯೂ ಇರುವ ಬಡ ರೋಗಿಗಳನ್ನು ಹೆಚ್ಚಾಗಿ ಸೇರಿಸಿಕೊಳ್ಳುವುದು ಮಂಗಳೂರಿನ ವೆನ್‌ಲಾಕ್‌ನಂತಹ ಸರ್ಕಾರಿ ಆಸ್ಪತ್ರೆಗಳು. ರೋಗಿಯ ವಯಸ್ಸು, ಸ್ಥಿತಿ, ತಲುಪಿದ ಸಮಯ ನೋಡದೆ ಬರೀ ಶೇಕಡಾವಾರು ಪ್ರಕಟಿಸಿದರೆ ಅವುಗಳಿಗೆ ಅನ್ಯಾಯವಾಗುತ್ತದೆ. ಕಷ್ಟದ ರೋಗಿಯನ್ನು ಬೇರೆಡೆಗೆ ಸಾಗಹಾಕುವ ಚಾಳಿಯೂ ಬೆಳೆಯುತ್ತದೆ.

ದಕ್ಷಿಣ ಕನ್ನಡ, ಉಡುಪಿ ಎರಡರಲ್ಲೇ ಆರಂಭಿಸಿ. ಮೆಡಿಕಲ್ ಕಾಲೇಜುಗಳಿಗೆ ಇಲ್ಲಿ ಬರವಿಲ್ಲ. ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ದಯವಿಟ್ಟು ಇದೊಂದು ಕೇಳಿ: ಕಳೆದ ವರ್ಷ ಹೃದಯಾಘಾತದ ಚಿಕಿತ್ಸೆ ಪಡೆದು ಮನೆಗೆ ಹೋದವರಲ್ಲಿ ಇವತ್ತು ಎಷ್ಟು ಮಂದಿ ಇದ್ದಾರೆ? ಉತ್ತರ ಬರದಿದ್ದರೆ, ಅದನ್ನು ಹುಡುಕಲು ತಾರೀಕು ಗೊತ್ತುಮಾಡಿ ಕೊಡಿ.

ಇಂತಿ,
ಬಂಟ್ವಾಳ ತಾಲೂಕಿನ ಒಬ್ಬ ಔಷಧ ವ್ಯಾಪಾರಿ