ಹಿತ್ತಿಲ ಬಾಗಿಲು ಮುಚ್ಚಬೇಡ

ಪುಟ್ಟಿ,

ನಿನ್ನ ಪತ್ರದ ಮಿಕ್ಕ ವಿಷಯಕ್ಕೆ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಯಾವ ಎಲೆಯಲ್ಲಿ ಏನು ವಿಷ ಇದೆಯೋ, ಇನ್ನು ಮಗೂಗೆ ತೋಟದ ಎಲೆ, ಹೂವಿನ ಆಟ ಬೇಡ, ಬಣ್ಣದ ಡಬ್ಬಿಯೇ ಸಾಕು’ ಅಂತ. ಅದು ತಲೆಯಿಂದ ಹೋಗುತ್ತಿಲ್ಲ.

ಹೆದರಬೇಡ ಅಂತ ನಾನು ಹೇಳುವುದಿಲ್ಲ. ಹೆದರುವಂಥದ್ದು ಇದ್ದೇ ಇದೆ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಹೊಟ್ಟೆಗೆ ಹೋದರೆ ಎದೆಬಡಿತವನ್ನೇ ಕೆಡಿಸುತ್ತದೆ. ಹಳದಿ ಕಣಗಿಲೆಯ ಬೀಜವೂ ಹಾಗೇ. ದತ್ತೂರಿ, ಹರಳು ಬೀಜ ಮಕ್ಕಳ ಬುಟ್ಟಿಗೆ ಬರಲೇಬಾರದು. ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ತುಂಬ ಹೊತ್ತು ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಓಡಬೇಕು. ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ, ನಿಜ. ಆದರೆ ನಿನ್ನ ತೋಟದಲ್ಲಿ ಇರುವ ಗಿಡಗಳಾದರೂ ಎಷ್ಟು? ಗೊತ್ತಿರುವವರೊಬ್ಬರನ್ನು ಕರೆದು ಒಂದೊಂದರ ಹೆಸರು ಕೇಳಿಕೊಂಡರೆ ಆಯಿತು. ಹೆಸರು ಗೊತ್ತಾಗದ್ದನ್ನು ಮುಟ್ಟುವುದು ಬೇಡ.

ಈ ಹೆದರಿಕೆ ನನಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಗುಲಗಂಜಿ ಆರಿಸುವ ಹುಚ್ಚು. ಮಣ್ಣಿನ ಮುದ್ದೆಗೆ ಗುಲಗಂಜಿಯ ಕಣ್ಣು ಇಟ್ಟು ಹಕ್ಕಿ ಮಾಡುತ್ತಿದ್ದೆವು. ಆ ಕೆಂಪು, ಆ ಕಪ್ಪು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ ಬಿಡು. ಒಂದು ದಿನ ತಮ್ಮ ಒಂದನ್ನು ನುಂಗಿಬಿಟ್ಟ. ಅವನಿಗೆ ಏನೂ ಆಗಲಿಲ್ಲ. ಗುಲಗಂಜಿಯ ಸಿಪ್ಪೆ ಬಹಳ ಗಟ್ಟಿ, ಇಡಿಯಾಗಿ ನುಂಗಿದರೆ ಹೆಚ್ಚಾಗಿ ಹಾಗೇ ಹೊರಗೆ ಹೋಗುತ್ತದೆ. ಅಗಿದರೆ, ಇಲ್ಲವೇ ಪೋಣಿಸಲು ತೂತು ಮಾಡಿದ್ದರೆ ಪ್ರಾಣಕ್ಕೇ ಕುತ್ತು. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಗೊತ್ತಾದದ್ದು ಅಮ್ಮನ ಮುಖ ಮಾತ್ರ. ಮಾರನೆಯ ದಿನದಿಂದ ಹಿತ್ತಿಲ ಬಾಗಿಲಿಗೆ ಚಿಲಕ.

ನಾನು ತಾಯಿಯಾದಾಗ ಅದೇ ಚಿಲಕ ನನ್ನ ಕೈಗೂ ಬಂತು. ಮಗ ಎಲೆ ಹಿಡಿದರೆ ಕಿತ್ತು ಬಿಸಾಡುತ್ತಿದ್ದೆ. ಯಾವ ಎಲೆ ಅಂತ ನೋಡುತ್ತಲೂ ಇರಲಿಲ್ಲ. ಅವನಿಗೆ ಈಗ ನಲವತ್ತು ದಾಟಿದೆ. ಕಣಗಿಲೆ ಯಾವುದು, ದಾಸವಾಳ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ವಿಷಕ್ಕೆ ಹೆದರಿ ಬೆಳೆಸಿದ ಹುಡುಗನಿಗೆ ವಿಷದ ಗಿಡವೇ ಗುರುತಿಲ್ಲ! ನಗು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ನಿನಗೆ ಹೇಳಿಕೊಡುವಷ್ಟು ನಾನೇನು ಮಾಡಿದ್ದೇನೆ ಅಂತ ಅನ್ನಿಸುತ್ತದೆ. ಆದರೂ ಒಂದೆರಡು ಮಾತು. ನಿನ್ನ ಮಗಳು ದಾಸವಾಳದ ಕೆಂಪು ಎಸಳನ್ನು ಕಾಗದಕ್ಕೆ ಉಜ್ಜಲಿ, ಕೆಂಪು ಬರುವುದಿಲ್ಲ, ನೇರಳೆ ಬರುತ್ತದೆ. ಅದರ ಮೇಲೆ ನಿಂಬೆರಸ ಒಂದು ಹನಿ ಬಿದ್ದರೆ ಗುಲಾಬಿ. ಶಂಖಪುಷ್ಪದ ನೀಲಿ ನೀರಿಗೂ ನಿಂಬೆ ಹಿಂಡಿ ನೋಡಿ. ಅರಿಸಿನದ ಬಣ್ಣಕ್ಕೆ ಸೋಪಿನ ನೀರು ತಾಗಿದರೆ ಕೆಂಪಾಗುತ್ತದೆ. ತೇಗದ ಚಿಗುರನ್ನು ಅಂಗೈಯಲ್ಲಿ ಹೊಸಕಿದರೆ ರಕ್ತದ ಹಾಗೆ. ಅವಳು ಕಿರುಚಿದರೆ ನೀನು ಓಡಿ ಬರಬೇಡ, ಸುಮ್ನೆ ಬಣ್ಣ ಅದು. ಎಲೆಯನ್ನು ನರದ ಕಡೆ ಮೇಲೆ ಮಾಡಿ ಕಾಗದದ ಕೆಳಗಿಟ್ಟು ಮೇಣದ ಬಣ್ಣ ಅಡ್ಡಡ್ಡ ಉಜ್ಜಿದರೆ ಒಂದೊಂದು ನರವೂ ಮೂಡುತ್ತದೆ. ಈ ಹೂವಿನ ಬಣ್ಣಗಳು ಬಿಸಿಲಿಗೆ ಮಾಸುತ್ತವೆ, ಅದಕ್ಕೆ ಬೇಜಾರು ಬೇಡ.

ನೋಡು, ಮತ್ತೆ ವಿಷದ ಮಾತಿಗೇ ಬರುತ್ತಿದ್ದೇನೆ. ಅವಳು ಏನಾದರೂ ಬಾಯಿಗೆ ಹಾಕಿಕೊಂಡಳು ಅನ್ನು. ಬಾಯಲ್ಲಿ ಉಳಿದದ್ದನ್ನು ತೆಗೆ. ಬೈಯಬೇಡ, ಬೈದರೆ ಮುಂದಿನ ಸಲ ಮುಚ್ಚಿಡುತ್ತಾಳೆ. ವಾಂತಿ ಮಾಡಿಸಲೂ ಹೋಗಬೇಡ. ಆ ಗಿಡದ ಒಂದು ಕಡ್ಡಿ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗು. ಯಾವ ಗಿಡ ಅಂತ ಗೊತ್ತಾದರೆ ಅವರ ಕೆಲಸ ಅರ್ಧ ಹಗುರ. ಮತ್ತೆ, ಮೂಗಿಗೆ ಹೋಗುವಷ್ಟು ಸಣ್ಣ ಬೀಜ ಈಗಲೇ ಬೇಡ. ಅವಳಿಗಿನ್ನೂ ಮೂರು ತುಂಬಿಲ್ಲ ಅಲ್ವಾ? ನನಗೆ ವಿಷಕ್ಕಿಂತ ಅದರದೇ ಚಿಂತೆ ಜಾಸ್ತಿ.

ನೀನೂ ಅವಳ ಪಕ್ಕದಲ್ಲಿ ಕೂತುಕೋ. ಏನು ಮಾಡಬೇಕು ಅಂತ ಹೇಳಬೇಡ. ‘ಇದು ಕಣಗಿಲೆ, ಇದನ್ನು ನಾವು ನೋಡುತ್ತೇವೆ, ಮುಟ್ಟುವುದಿಲ್ಲ’ ಅಂತ ಮಾತ್ರ ಮತ್ತೆ ಮತ್ತೆ ಹೇಳು. ಮಕ್ಕಳಿಗೆ ಹೆಸರು ಬೇಗ ಹತ್ತುತ್ತದೆ. ನನ್ನ ಮಗನಿಗೆ ನಾನು ಅಷ್ಟಾದರೂ ಹೇಳಬಹುದಿತ್ತು.

ನಿನ್ನ ತೋಟದಲ್ಲಿ ಶಂಖಪುಷ್ಪ ಇದೆಯಾ ಅಂತ ಬರೆ. ಇಲ್ಲದಿದ್ದರೆ ಬೀಜ ಕಳಿಸುತ್ತೇನೆ. ಬಿತ್ತುವವರೆಗೆ ಮೇಲಿನ ಶೆಲ್ಫಿನಲ್ಲಿಡು, ಅದರ ಬೀಜ ತಿಂದರೆ ಹೊಟ್ಟೆ ಕೆಡುತ್ತದೆ.

ನಿನ್ನ ದೊಡ್ಡಮ್ಮ