ಸೋಂಕಿಲ್ಲದ ದಿನಗಳಲ್ಲೂ ಆಂಟಿಸೆನ್ಸ್ ಸಂಶೋಧನೆ ನಡೆಯಲಿ

ಮಾನ್ಯ ಸಂಪಾದಕರೇ,

ಆರ್‌ಎನ್‌ಎ ವೈರಾಣುಗಳನ್ನು (ತಮ್ಮ ಆನುವಂಶಿಕ ಸಂದೇಶವನ್ನು ಡಿಎನ್‌ಎ ಬದಲು ಆರ್‌ಎನ್‌ಎಯಲ್ಲಿ ಇಟ್ಟುಕೊಂಡವು) ಹತ್ತಿಕ್ಕಬಲ್ಲ ಆಂಟಿಸೆನ್ಸ್ ಔಷಧಗಳ, ಅಂದರೆ ಆ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುವ ಕಿರು ಎಳೆಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಆದರೆ ಅದನ್ನು ಹೊಚ್ಚಹೊಸ ಆವಿಷ್ಕಾರ ಎಂದದ್ದು ಸರಿಯಲ್ಲ. ವಿಜ್ಞಾನಿಗಳಾದ ಪಾಲ್ ಜಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ 1978ರಲ್ಲೇ ಬರೀ 13 ಅಕ್ಷರಗಳ (ಸಾಲಾಗಿ ಪೋಣಿಸಿದ ರಾಸಾಯನಿಕ ಘಟಕಗಳನ್ನು ಹೀಗೆ ಕರೆಯುತ್ತೇವೆ) ಡಿಎನ್‌ಎ ತುಣುಕಿನಿಂದ, ಕೋಳಿಯ ಜೀವಕೋಶಗಳಲ್ಲಿ ಕೋಳಿಗಳಿಗೆ ಕ್ಯಾನ್ಸರ್ ತರುವ ರೌಸ್ ಸಾರ್ಕೋಮಾ ವೈರಾಣು ಹೆಚ್ಚದಂತೆ ತಡೆದಿದ್ದರು. ಅದು ಆರ್‌ಎನ್‌ಎ ವೈರಾಣುವೇ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಆಂಟಿಸೆನ್ಸ್ ಔಷಧ ಫೊಮಿವಿರ್ಸೆನ್ ಕೂಡ ವೈರಾಣುವಿನ ವಿರುದ್ಧವೇ ಬಂದದ್ದು, ಆದರೆ ಅದರ ಗುರಿ ಡಿಎನ್‌ಎ ವೈರಾಣು.

ವಿದ್ಯೆ ಸರಳವಾದದ್ದು. ವೈರಾಣುವಿನ ಆರ್‌ಎನ್‌ಎಯಲ್ಲಿ ಒಂದು ಭಾಗವನ್ನು ಆರಿಸಿ, ಅದಕ್ಕೆ ಸರಿಯಾಗಿ ಜೋಡಿಯಾಗುವ ಸುಮಾರು 20 ಅಕ್ಷರಗಳ ಎಳೆಯನ್ನು ಕಟ್ಟುತ್ತಾರೆ. ಅದು ಹೋಗಿ ಅಂಟಿಕೊಂಡರೆ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ ಆ ಸಂದೇಶ ಓದಲಾಗುವುದಿಲ್ಲ. ಕೆಲವು ಬಗೆಯ ಎಳೆಗಳಾದರೆ ಜೀವಕೋಶದ ಕಿಣ್ವವನ್ನೇ ಕರೆತಂದು ಆರ್‌ಎನ್‌ಎಯನ್ನು ಕತ್ತರಿಸಿಹಾಕುತ್ತವೆ. ವೈರಾಣುವಿನ ಅಕ್ಷರಮಾಲೆ ಗೊತ್ತಾದರೆ ಸಾಕು, ಎಳೆಯ ವಿನ್ಯಾಸ ಕೆಲವೇ ದಿನಗಳ ಮಾತು. ಕೋವಿಡ್ ವೈರಾಣುವಿನ ಅಕ್ಷರಮಾಲೆ 2020ರ ಜನವರಿಯಲ್ಲೇ ಬಹಿರಂಗವಾಗಿತ್ತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಕಷ್ಟವಿರುವುದು ಎಳೆಯನ್ನು ಸೋಂಕು ತಗುಲಿದ ಕೋಶದೊಳಕ್ಕೆ ಸಾಕಷ್ಟು ಪ್ರಮಾಣದಲ್ಲಿ ಕಳಿಸುವುದರಲ್ಲಿ. ಯಕೃತ್ತಿಗೆ ಅದು ಸುಲಭವಾಗಿ ಸೇರುತ್ತದೆ, ಶ್ವಾಸಕೋಶಕ್ಕೆ ಅಷ್ಟಾಗಿ ಇಲ್ಲ. ವೈರಾಣು ರೂಪ ಬದಲಿಸುತ್ತದೆಂಬ ಆಕ್ಷೇಪವೂ ಇದೆ; ಬದಲಾದರೆ ವೈರಾಣುವೇ ಬದುಕಲಾರದಂಥ ಜಾಗಗಳನ್ನು ಗುರಿಯಾಗಿಸುವುದು ಅದಕ್ಕೆ ಉತ್ತರ.

ನನ್ನ ನೋವು ಬೇರೆಯೇ. ಮಾರ್ಫೊಲಿನೊ ಎಂಬ ಆಂಟಿಸೆನ್ಸ್ ಎಳೆಗಳು ಎಬೋಲಾ ಸೋಂಕಿನ ಮಂಗಗಳಲ್ಲಿ ಶೇ 60ಕ್ಕೂ ಹೆಚ್ಚನ್ನು, ಎಬೋಲಾದ ಹತ್ತಿರದ ಸಂಬಂಧಿಯಾದ ಮಾರ್ಬರ್ಗ್ ವೈರಾಣುವಿನ ಸೋಂಕಿದ್ದ ಮಂಗಗಳಲ್ಲಿ ಎಲ್ಲವನ್ನೂ ಉಳಿಸಿದವೆಂದು 2010ರಲ್ಲಿ ಪ್ರಕಟವಾಯಿತು. ನಿಜ, ಅಲ್ಲಿ ಸೋಂಕು ತಗುಲಿಸಿದ ಒಂದು ಗಂಟೆಯೊಳಗೇ ಮದ್ದು ಕೊಟ್ಟಿದ್ದರು. ರೋಗಿಗೆ ಅಂಥ ಭಾಗ್ಯ ಎಲ್ಲಿ? ಆದರೆ ಮಾರ್ಬರ್ಗ್ ಕೆಲಸ ಮುಂದುವರಿದು, ನಾಲ್ಕು ದಿನ ತಡವಾಗಿ ಶುರುಮಾಡಿದಾಗಲೂ ಹೆಚ್ಚಿನ ಮಂಗಗಳು ಬದುಕಿದವು. ಎಬೋಲಾ ಔಷಧದ ಕೆಲಸ ಮಾತ್ರ ಮುಂದುವರಿಯಲಿಲ್ಲ. 2012ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹಣದ ಅಭಾವವೆಂದು ಅದನ್ನು ನಿಲ್ಲಿಸಿತು. ಮರುವರ್ಷದ ಕೊನೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಶುರುವಾಗಿ 11,300ಕ್ಕೂ ಹೆಚ್ಚು ಜನ ಸತ್ತರು. ಆ ಔಷಧ ಅವರನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಪರೀಕ್ಷೆ ಮುಗಿಸಿ ಸಿದ್ಧವಾಗಿಟ್ಟುಕೊಳ್ಳುವ ಅವಕಾಶವನ್ನೇ ಕೈಬಿಟ್ಟೆವಲ್ಲ ಎಂಬ ಸಂಕಟ ನನ್ನದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ ಅಲ್ಲವೇ?

ಉತ್ತಮ ಔಷಧ ಬಂದು ಹಳೆಯದು ಹಿಂದೆ ಸರಿದರೆ ತಕರಾರಿಲ್ಲ. ಹೆಪಟೈಟಿಸ್ ಸಿಗೆ ನುಂಗುವ ಮಾತ್ರೆಗಳು ಬಂದ ಮೇಲೆ, ಭರವಸೆ ಹುಟ್ಟಿಸಿದ್ದ ಮಿರಾವಿರ್ಸೆನ್ ಎಂಬ ಆಂಟಿಸೆನ್ಸ್ ಔಷಧ ಹಿಂದುಳಿಯಿತು. ರೋಗಿಗೆ ಗುಣವಾಯಿತು, ಅಷ್ಟು ಸಾಕು. ಆದರೆ ಸೋಂಕು ತಣ್ಣಗಾಯಿತೆಂದು ಹಣ ನಿಲ್ಲಿಸುವುದು ಬೇರೆ ಮಾತು. ಇದೇ ರಸಾಯನ ವಿದ್ಯೆಯಿಂದ 2016ರಲ್ಲಿ ಸ್ನಾಯು ಮತ್ತು ನರದ ಆನುವಂಶಿಕ ಕಾಯಿಲೆಗಳಿಗೆ ಔಷಧ ಬಂದಿತು, ಏಕೆಂದರೆ ಅಲ್ಲಿ ಕೆಲಸ ಬಿಡದೆ ನಡೆಯಿತು.

ಹೊಸ ಸಂಯುಕ್ತವೊಂದು ಇಲಿಯಲ್ಲಿ ಗೆದ್ದ ಸುದ್ದಿ ಹಾಕುವಾಗ, ಮಂಗಗಳಲ್ಲಿ ಗೆದ್ದೂ ಕಪಾಟು ಸೇರಿದವುಗಳ ಕಥೆಯನ್ನೂ ದಯವಿಟ್ಟು ಬರೆಯಿರಿ. ಯಾರು, ಯಾವಾಗ, ಏಕೆ ನಿಲ್ಲಿಸಿದರೆಂದು ಕೇಳಿ.

ಇತಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಕ